ತಡವಾಗಿ ಬಿದ್ದ ಚಪ್ಪಾಳೆ

ಮೂರನೇ ಸಲದ ನೀರೂ ಬೆಳ್ಳಗೇ ಇದೆ, ಇನ್ನೊಂದು ಸಲ ತೊಳೆಯಬೇಕು, ಬೆರಳ ತುದಿ ಆಗಲೇ ಮರಗಟ್ಟಿದೆ, ಯಾವುದು ಅಕ್ಕಿ ಯಾವುದು ಬೆರಳು ಗೊತ್ತಾಗುತ್ತಿಲ್ಲ, ಹೊರಗೆ ಈ ಗಾಳಿ ಬೇರೆ — ಬೆಳಕು ಹರಿದಾಗಿನಿಂದ ಒಂದೇ ಸಮನೆ, ಸೂರಿನ ಮೇಲಿನ ಹಿಮವನ್ನು ಹಿಟ್ಟಿನ ಹಾಗೆ ಎಬ್ಬಿಸಿ ಅಂಗಳದ ತುಂಬ ಎರಚುತ್ತಿದೆ — ಚಿಹಾರು ಕಿಟಕಿಯತ್ತ ತಿರುಗಿದ್ದು ಆ ಸದ್ದಿಗೆ, ಸುಮ್ಮನೆ, ತಿರುಗಿದರೆ ಆ ಬಿಳಿಯೊಳಗೆ ಏನೋ ಒಂದು ಹಳದಿ. ಹಳದಿ ಅಂದರೆ ಏನು ಬೇಕಾದರೂ ಇರಬಹುದು, ಮಾವನ ಸಲಿಕೆಯ ಹಿಡಿ ಹಳದಿ, ಮೂಲಂಗಿ ಉಪ್ಪಿನಕಾಯಿಯ ಡಬ್ಬಿಯ ಮುಚ್ಚಳ ಹಳದಿ, ಆದರೆ ಬೆರಳುಗಳು ಅಕ್ಕಿಯೊಳಗೇ ನಿಂತುಬಿಟ್ಟವು, ಕಣ್ಣಿಗಿಂತ ಮೊದಲು ಅವಕ್ಕೆ ಗೊತ್ತಾಗಿತ್ತು. ಗಂಡ ಶುಂಪೇಯ ಹೆಲ್ಮೆಟ್. ಅಂಗಳದ ನಟ್ಟ ನಡುವೆ, ತುಳಿದು ತುಳಿದು ಗಟ್ಟಿಯಾದ ಹಿಮದ ಮೇಲೆ, ಅಂಗಾತ, ಬಟ್ಟಲಿನ ಹಾಗೆ. ಅದರಿಂದ ನಾಲ್ಕು ಹೆಜ್ಜೆ ಈಚೆ ಮಗಳು ಫುಕಿ, ಮಲಗುವ ಬಟ್ಟೆಯ ಮೇಲೆ ಅಜ್ಜನ ಕೋಟು ಎಳೆದುಕೊಂಡು, ಕಿಟಕಿಗೆ ಬೆನ್ನು ಹಾಕಿ, ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದಾಳೆ. ಆಡುತ್ತಿಲ್ಲ. ಎಂಟು ವರ್ಷದ ಮಗು ಹಿಮದಲ್ಲಿ ಹಾಗೆ ಅಲ್ಲಾಡದೆ ನಿಲ್ಲುವುದಿಲ್ಲ.

ಎಲ್ಲಿ ಇಟ್ಟಿದ್ದೆ ಅದನ್ನ, ಮೇಲಿನ ಕಪಾಟಿನಲ್ಲಿ, ಯಾರೂ ಹೊದೆಯದ ರಜಾಯಿಗಳ ಹಿಂದೆ, ನೀಲಿ ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿ, ಆ ಗಂಟನ್ನು ತಾನೇ ಬಿಚ್ಚಿ ನೋಡದೆ ಎಷ್ಟು ಚಳಿಗಾಲ ಆಯಿತು, ಬರುವ ಏಪ್ರಿಲ್‌ಗೆ ನಾಲ್ಕು ವರ್ಷ — ಸ್ಟೂಲು ಹತ್ತಿದ್ದಾಳೆ, ರಜಾಯಿ ಎಳೆದಿದ್ದಾಳೆ, ಸದ್ದೇ ಕೇಳಲಿಲ್ಲ, ಈ ಗಾಳಿಯಲ್ಲಿ ಯಾವ ಸದ್ದು ಕೇಳುತ್ತೆ. ಒಂದು ಗಳಿಗೆ ಮನಸ್ಸಿಗೆ ಸಮಾಧಾನವೂ ಆಗುತ್ತದೆ, ಮೋಸದ ಸಮಾಧಾನ, ಅಂತೂ ಮುಟ್ಟಿದಳಲ್ಲ, ಇವತ್ತು ಮೂರನೇ ಸ್ಕೀ ತರಗತಿ, ಅಪ್ಪನದನ್ನೇ ಹಾಕಿಕೊಂಡು ನೋಡೋಣ ಅಂತ ತೆಗೆದಿರಬೇಕು, ಹಠ ಇಳಿದಿರಬೇಕು. ಹಿಂದಿನ ಎರಡು ತರಗತಿಯಲ್ಲೂ ಹೊಟ್ಟೆನೋವು ಅಂತ ಗುಡಿಸಲಲ್ಲಿ ಒಲೆ ಮುಂದೆ ಕೂತಿದ್ದಳಂತೆ, ನಿನ್ನೆ ಸಂಜೆ ಇಗುಚಿ ಟೀಚರ್ ಫೋನು ಮಾಡಿದ್ದರು, ಈ ವರ್ಷವಷ್ಟೇ ಸಮುದ್ರದ ಕಡೆಯ ಊರಿಂದ ವರ್ಗವಾಗಿ ಬಂದ ಹುಡುಗಿ, ಊರಿನ ಯಾವ ಕಥೆಯೂ ಗೊತ್ತಿಲ್ಲ, ಫುಕಿ ಅಮ್ಮಾ ಬೇಜಾರು ಮಾಡ್ಕೋಬೇಡಿ, ಹೆಲ್ಮೆಟ್ ಇಲ್ದೆ ಬೆಟ್ಟದ ಲಿಫ್ಟ್ ಹತ್ತಿಸೋ ಹಾಗಿಲ್ಲ ನೋಡಿ, ಕೆಲವ್ರು ಬೇಕು ಅಂತಾರೆ ಕೆಲವ್ರು ಬೇಡ ಅಂತಾರೆ ಅಂತ ಈ ವರ್ಷದಿಂದ ಶಾಲೆಯೇ ನಿಯಮ ಮಾಡಿದೆ, ಉಳಿದ ಮಕ್ಕಳಿಗೆ ತಲೆ ಬಿಸಿ ಆಗುತ್ತೆ, ಕೂದಲು ಚಪ್ಪಟೆ ಆಗುತ್ತೆ ಅಂತ ಗೊಣಗಾಟ, ಆದ್ರೆ ಇವಳದು ಬೇರೆ ಥರ, ಇವಳು ಅದನ್ನ ಮುಟ್ಟೋದೇ ಇಲ್ಲ, ಮೊನ್ನೆ ಪಕ್ಕದ ಹುಡುಗಿ ಬೂಟಿನ ಪಟ್ಟಿ ಬಿಗಿಮಾಡೋಕೆ ಅಂತ ಒಂದು ನಿಮಿಷ ಹಿಡ್ಕೊಳೇ ಅಂದ್ಲು, ಇವಳು ಎರಡೂ ಕೈ ಬೆನ್ನ ಹಿಂದೆ ಇಟ್ಕೊಂಡು ಹಿಂದಕ್ಕೆ ಹಿಂದಕ್ಕೆ ಹೋಗ್ಬಿಟ್ಲು. ಮಕ್ಕಳೆಲ್ಲ ನಕ್ಕರು, ನಾನೂ ನಕ್ಕುಬಿಟ್ಟೆ, ತಪ್ಪಾಯ್ತೇನೋ. ಇಲ್ಲ ಟೀಚರ್, ಅದರಲ್ಲಿ ತಪ್ಪೇನು, ನಾನು ಹೇಳ್ತೀನಿ ಅವಳಿಗೆ. ಏನು ಹೇಳುತ್ತೀಯೆ, ಚಿಹಾರು. ಲಿಫ್ಟಿನ ಬುಡದ ಬಾಡಿಗೆ ಅಂಗಡಿಯಲ್ಲಿ ದಿನವಿಡೀ ಪರರ ಮಕ್ಕಳ ತಲೆಗೆ ಹೆಲ್ಮೆಟ್ ಕೂರಿಸುವವಳು, ಗದ್ದಕ್ಕೂ ಪಟ್ಟಿಗೂ ನಡುವೆ ಒಂದು ಬೆರಳು ತೂರಿಸಿ, ಬಾಯಿ ತೆಗಿ ಕಂದ, ಆ ಅನ್ನು, ಬಿಗಿ ಆಯ್ತಾ, ಹಾಗಾದ್ರೆ ಸರಿ ಇದೆ ಅನ್ನುವವಳು. ನಿನ್ನ ಮಗಳಿಗೆ ಏನು ಹೇಳುತ್ತೀಯೆ.

ಹಿಂದೆ ಬಾಗಿಲು ಸರಿದ ಸದ್ದು, ಮಾವ. ಚಿಹಾರು, ಒಂದು ಹನಿ ಬಿಸಿನೀರು ಕೊಡಮ್ಮಾ, ಸಲಿಕೆ ಹೆಪ್ಪುಗಟ್ಟಿ ಕೂತಿದೆ, ನನ್ನ ಹಾಗೇ. ಎಪ್ಪತ್ತಾರು ವರ್ಷ, ತಲೆಯ ಮೇಲೆ ಕಪ್ಪು ಹೆಲ್ಮೆಟ್, ಗದ್ದದ ಪಟ್ಟಿ ಬಿಗಿಯಾಗಿ, ಹಿಮ ತೆಗೆಯೋಕೆ ಹೋಗುವಾಗಲೂ ಹಾಕಿಕೊಂಡೇ ಹೋಗುತ್ತಾರೆ, ಸೌದೆ ತರೋಕೂ, ಅಂಚೆಯವನು ಬಾಗಿಲಲ್ಲಿ ನಿಂತು, ಏನು ತೊಕುಜಿ ಅಜ್ಜ, ಯುದ್ಧಕ್ಕಾ ಅಂತ ಕೇಳಿದರೆ, ಹೂಂ ಕಣಪ್ಪಾ, ಸೂರು ನನ್ನ ಮೇಲೆ ಕತ್ತಿ ಹಿಡಿದು ಕಾಯ್ತಿದೆ ನೋಡು ಅಂತ ನೇತಾಡುವ ಮಂಜುಗಡ್ಡೆ ತೋರಿಸುತ್ತಾರೆ. ಅವಳು ಬಿಸಿನೀರು ಬಗ್ಗಿಸಿ ಕೊಡುತ್ತಾಳೆ, ಕಿಟಕಿಗೆ ಅಡ್ಡವಾಗಿ ನಿಂತುಕೊಂಡು, ಮಾವ ನೋಡಬಾರದು ಅಂತಲಾ, ತಾನೇ ನೋಡಬಾರದು ಅಂತಲಾ. ಗಾಳಿ ಜೋರಿದೆ, ಮೇಲಿನ ಲಿಫ್ಟು ಇವತ್ತು ಓಡಲ್ಲ, ಮಕ್ಕಳನ್ನ ಕೆಳಗಿನ ಬಯಲಲ್ಲೇ ಆಡಿಸ್ತಾರೆ, ನಮ್ಮ ಮಹಾರಾಣಿ ಇವತ್ತಾದ್ರೂ ಕಿರೀಟ ತೊಡ್ತಾಳಂತಾ? ನೋಡ್ಬೇಕು ಮಾವ. ಬಯ್ಯಬೇಡ ಅವಳಿಗೆ. ನಾನು ಯಾವತ್ತು ಬೈದಿದ್ದೀನಿ. ಬೈದಿಲ್ಲ, ಅದಕ್ಕೇ ಹೇಳಿದೆ. ಬಾಗಿಲು ಮತ್ತೆ ಸರಿಯಿತು.

ಈ ಮನುಷ್ಯನೇ ಅಲ್ಲವೇ, ನಲವತ್ತು ವರ್ಷ ಸ್ಕೀ ಕಲಿಸಿದವರು, ಕೆಂಪು ಉಣ್ಣೆಯ ಟೋಪಿ ಬಿಟ್ಟು ಬೇರೇನನ್ನೂ ತಲೆಗೆ ಸೋಕಿಸದವರು, ಶುಂಪೇ ಇಳಿಜಾರಿನ ಕಾವಲು ಪಡೆಗೆ ಸೇರಿ ಮೊದಲ ಸಂಬಳದಲ್ಲಿ ಈ ಹಳದಿ ಹೆಲ್ಮೆಟ್ ತಂದಾಗ ಊಟದ ಮೇಜಿನ ಮೇಲೆ ಅದನ್ನು ಬೆರಳಲ್ಲಿ ತಟ್ಟಿ, ಮಡಕೆ ಚೆನ್ನಾಗಿದೆ, ಸೂಪು ಎಷ್ಟು ಹಿಡಿಯುತ್ತೆ ಅಂದವರು. ಅಪ್ಪ ಮಗ ಇಬ್ಬರೂ ಚಳಿಗಾಲವೆಲ್ಲ ಇದೊಂದೇ ಜಗಳ, ಬಾಯ್ತುಂಬ ಅನ್ನ ಇಟ್ಟುಕೊಂಡೇ. ತಲೆ ಮುಚ್ಚಿಕೊಂಡ್ರೆ ಬೆಟ್ಟದ ಮಾತು ಕೇಳಿಸಲ್ಲ ಕಣೋ, ಹಿಂದೆ ಯಾರು ಬರ್ತಿದ್ದಾರೆ ಅಂತ ಬೆನ್ನಿಗೆ ಗೊತ್ತಾಗ್ಬೇಕು. ಅಪ್ಪಾ, ಬೆನ್ನಿಗೆ ಗೊತ್ತಾಗೋ ಹೊತ್ತಿಗೆ ತಲೆ ಒಡೆದಿರುತ್ತೆ. ಮಡಕೆ ಹಾಕ್ಕೊಂಡವರು ಧೈರ್ಯ ಜಾಸ್ತಿ ಆಗಿ ಹುಚ್ಚುಹುಚ್ಚಾಗಿ ಇಳೀತಾರೆ, ನೋಡಿಲ್ವಾ ನೀನು. ನೋಡಿದ್ದೀನಿ, ಟೋಪಿ ಹಾಕ್ಕೊಂಡವರನ್ನ ಸ್ಟ್ರೆಚರ್ ಮೇಲೆ ಹೊತ್ತೂ ನೋಡಿದ್ದೀನಿ. ಶುಂಪೇ ಅದನ್ನು ಹೇಳುವಾಗ ನಗುತ್ತಿರಲಿಲ್ಲ. ಅವನ ಒಂದು ಹುಚ್ಚು ಅದು, ಲಿಫ್ಟಿನ ಸಾಲಿನಲ್ಲಿ ನಿಂತವರ ಬಳಿ ಹೋಗಿ, ಅಕ್ಕಾ ತಲೆ ಮನೇಲಿ ಬಿಟ್ಟು ಬಂದ್ರಾ, ಅಣ್ಣಾ ಆ ಟೋಪಿ ಹೆಂಡ್ತಿ ಹೆಣೆದಿದ್ದಾ, ಚೆನ್ನಾಗಿದೆ, ಅವರ ಸಲುವಾಗಿ ಆದ್ರೂ ಅದರ ಮೇಲೊಂದು ಹಾಕ್ಕೊಳಿ, ಜನ ನಗುತ್ತಿದ್ದರು, ಹತ್ತರಲ್ಲಿ ಇಬ್ಬರು ಅಂಗಡಿಗೆ ವಾಪಸು ಬರುತ್ತಿದ್ದರು, ನಿಮ್ಮ ಯಜಮಾನ್ರು ಬಿಡಲಿಲ್ಲ ಅಂತ. ಹೀಗೆ ಹತ್ತು ವರ್ಷ. ಆಮೇಲೆ ಆ ಸಾವಿನ ಮನೆಯಲ್ಲಿ, ಧೂಪದ ಹೊಗೆಯಲ್ಲಿ, ಯಾರೋ ಹೆಂಗಸು ಇನ್ನೊಬ್ಬಳ ಕಿವಿಯಲ್ಲಿ, ಎಲ್ಲರಿಗೂ ಹಾಕ್ಕೊಳಿ ಹಾಕ್ಕೊಳಿ ಅಂತಿದ್ದೋನು ಕಣೇ, ಬರೀ ತಲೆಲಿ ಹೋದ. ಪಿಸುಮಾತು ಯಾವಾಗಲೂ ಹೆಚ್ಚು ದೂರ ಕೇಳಿಸುತ್ತದೆ. ಮಾವ ಆ ವಾರವೇ ಅಂಗಡಿಗೆ ಬಂದು, ಅವಳ ಎದುರು ನಿಂತು, ಕಣ್ಣೆತ್ತದೆ, ನನ್ನ ಅಳತೇದು ಒಂದು ಕೊಡು ಅಂದಿದ್ದರು. ಅವರ ಗದ್ದಕ್ಕೂ ಪಟ್ಟಿಗೂ ನಡುವೆ ಬೆರಳು ತೂರಿಸಿದಾಗ ಬೆರಳೆಲ್ಲ ಒದ್ದೆ. ಆ ಅನ್ನಿ ಮಾವ. ಆ.

ಏಪ್ರಿಲ್‌ನ ಆ ಭಾನುವಾರ, ಆ ವರ್ಷದ ಸ್ಕೀ ಮುಗಿಸಿ ಬೆಟ್ಟ ಮುಚ್ಚುವ ದಿನ, ವರ್ಷವಿಡೀ ಬೀಳಿಸದೆ ಕಾಪಾಡಿದೆ ತಾಯೇ ಅಂತ ತುದಿಯ ಪುಟ್ಟ ಗುಡಿಯೆದುರು ಎಲ್ಲರೂ ನಿಲ್ಲುವ ದಿನ, ಅಕ್ಕಿಯ ಡಬ್ಬಿಯಷ್ಟು ಎತ್ತರದ ಕಲ್ಲಿನ ಗುಡಿ, ಸೊಂಟದ ಸುತ್ತ ಹುಲ್ಲಿನ ಹಗ್ಗ, ಆಗಷ್ಟೇ ಹಿಮದಿಂದ ಅಗೆದು ಹೊರಗೆ ತೆಗೆದದ್ದು. ಎಂಥ ಬಿಸಿಲು. ಎದುರಿನ ಬೆಟ್ಟದ ಗೆರೆ ಕತ್ತರಿಸಿಟ್ಟ ಹಾಗೆ. ಕಾವಲು ಪಡೆಯವರು, ಸ್ಕೀ ಕಲಿಸುವವರು, ಲಿಫ್ಟಿನವರು, ಹೆಂಡತಿ ಮಕ್ಕಳು ಎಲ್ಲ ಸೇರಿ ಮೂವತ್ತು ಜನ ಇದ್ದರೇನೋ. ದೇವರ ಮುಂದೆ ತಲೆ ಬರಿದಾಗಿರಬೇಕು, ಮುದುಕರೆಲ್ಲ ಟೋಪಿ ತೆಗೆದು ಜೇಬಿಗೆ ತುರುಕಿದರು. ಮಾವ ಅವನ ಪಕ್ಕೆಗೆ ತಿವಿದು, ನೋಡು, ಟೋಪಿಯಾದ್ರೆ ಜೇಬಿಗೆ ಹೋಗುತ್ತೆ, ನಿನ್ನ ಮಡಕೆ ಎಲ್ಲಿಡ್ತೀಯೋ? ಬೇರೆ ದಿನವಾದರೆ ಹಿಮಕ್ಕೆ ಚುಚ್ಚಿದ ಕೋಲಿನ ತುದಿಗೆ ಸಿಕ್ಕಿಸುತ್ತಿದ್ದ, ಅವತ್ತು ಅಪ್ಪನಿಗೆ ಮರುಮಾತು ಕೊಡಬೇಕಲ್ಲ, ಫುಕಿಯ ಮುಂದೆ ಮಂಡಿಯೂರಿ ಕೂತು, ನನ್ನ ಮಡಕೆಗೆ ಕಾವಲುಗಾರ್ತಿ ಇದ್ದಾಳಪ್ಪಾ, ಹಿಡ್ಕೊತೀಯಾ ಕ್ಯಾಪ್ಟನ್? ಐದು ತುಂಬಲು ಇನ್ನೂ ಎರಡು ತಿಂಗಳು ಅವಳಿಗೆ. ಎರಡೂ ಕೈಯಿಂದ ಎದೆಗೆ ಅವುಚಿಕೊಂಡಳು, ಗದ್ದ ಅದರೊಳಗೆ ಮುಳುಗಿತ್ತು, ಎಂಥ ಹೆಮ್ಮೆ ಆ ಮುಖದಲ್ಲಿ. ಎರಡು ಸಲ ಬಾಗಿದರು ಎಲ್ಲರೂ, ಮೂವತ್ತು ಬೆನ್ನು ಒಟ್ಟಿಗೆ. ಆಮೇಲೆ ಎರಡು ಚಪ್ಪಾಳೆ, ಪಟ್ ಪಟ್, ಬೆಟ್ಟದಿಂದ ಅದು ವಾಪಸು ಬಂತು. ಆಮೇಲೆ, ಎಲ್ಲರದ್ದೂ ಮುಗಿದು ಎಲ್ಲರೂ ಕಣ್ಣು ಮುಚ್ಚಿ ನಿಂತ ಆ ಮೌನದಲ್ಲಿ, ಇನ್ನೆರಡು, ಚಿಕ್ಕವು, ತಡವಾಗಿ. ಪಟ್. ಪಟ್. ಚಿಹಾರು ಕಣ್ಣು ಮುಚ್ಚಿಕೊಂಡೇ ನಕ್ಕಳು. ಅದನ್ನು ಹೇಗೆ ಮರೆಯುವುದು, ನಕ್ಕಿದ್ದನ್ನು, ಹೊಸ ವರ್ಷದ ದಿನ ತಾನೇ ಕಲಿಸಿದ್ದು, ಎರಡೂ ಕೈ ಸೇರಿಸಿ ಗಟ್ಟಿಯಾಗಿ ಹೊಡೀಬೇಕು ಫುಕಿ, ಇಲ್ಲಾಂದ್ರೆ ದೇವರಿಗೆ ಕೇಳಿಸಲ್ಲ, ಕೇಳಿಸಿತು ಬಿಡು ಇವತ್ತು ದೇವರಿಗೆ ಅಂದುಕೊಂಡು ನಕ್ಕಳು — ಎರಡು ಕೈ ಖಾಲಿ ಇದ್ದರೆ ತಾನೇ ಚಪ್ಪಾಳೆ ಎಂಬುದು ಆ ಕ್ಷಣಕ್ಕೆ ಹೊಳೆಯಲಿಲ್ಲ.

ಕಣ್ಣು ತೆರೆದಾಗ ಅದು ಆಗಲೇ ಅಂಚು ದಾಟಿತ್ತು. ಅಂಗಾತ ಬಿದ್ದು, ಬಿಳಿಯ ಮೇಲೆ ಒಂದು ಹಳದಿ ಬಟ್ಟಲು, ಆತುರವೇ ಇಲ್ಲದೆ, ಮೆಲ್ಲಗೆ ತನ್ನ ಸುತ್ತ ತಾನೇ ತಿರುಗುತ್ತ ಜಾರುತ್ತಿತ್ತು, ಸದ್ದೇ ಇಲ್ಲ. ಶುಂಪೇ ನೋಡಿದ, ಅಯ್ಯಯ್ಯೋ ನನ್ನ ತಲೆ ಓಡಿಹೋಗ್ತಿದೆ ಹಿಡೀರೋ ಅಂದ, ಎಲ್ಲರೂ ನಕ್ಕರು, ಮಾವ ಎಲ್ಲರಿಗಿಂತ ಜೋರಾಗಿ, ಫುಕಿ ಕೂಡ ನಕ್ಕಳು, ಅಪ್ಪ ತಮಾಷೆ ಮಾಡಿದ ಅಂತ, ಅಪ್ಪ ಅವಳ ಕೆನ್ನೆ ತಟ್ಟಿದ, ಈಗ ತಂದುಬಿಡ್ತೀನಿ ಇರು, ಸ್ಕೀ ಮೇಲೆ ಎರಡು ಸಲ ಕಾಲು ತಳ್ಳಿ ಇಳಿದುಬಿಟ್ಟ. ಐವತ್ತು ಹೆಜ್ಜೆ ಇದ್ದೀತು. ಮೇಲೆ ಬಿಸಿಲಿಗೆ ಹಿಮ ಸಕ್ಕರೆಯ ಹಾಗೆ ಮೆತ್ತಗಿತ್ತು, ಅಂಚಿನ ಕೆಳಗೆ ನೆರಳು, ಅಲ್ಲಿ ಇನ್ನೂ ರಾತ್ರಿಯ ಹೆಪ್ಪು, ಗಾಜಿನ ಹಾಗೆ, ಅದು ಅವನಿಗೆ ಗೊತ್ತಿಲ್ಲದ್ದಲ್ಲ, ದಿನಾ ಬೆಳಗ್ಗೆ ಅಲ್ಲಿ ಎಚ್ಚರಿಕೆಯ ಹಗ್ಗ ಕಟ್ಟುತ್ತಿದ್ದವನೇ ಅವನು, ಅವತ್ತು ಬೆಟ್ಟ ಮುಚ್ಚಿತ್ತು, ಹಗ್ಗ ಬಿಚ್ಚಿ ಸುತ್ತಿಟ್ಟಾಗಿತ್ತು. ಬರ್ಚ್ ಮರಗಳ ಮಧ್ಯೆ ಅವನ ಬೆನ್ನು ಒಂದು ಸಲ ಕಂಡಿತು, ಬಗ್ಗಿದ, ಕೈ ಚಾಚಿದ, ಹಿಡಿದೇಬಿಟ್ಟ ಅಂತ ಯಾರೋ ಕೂಗಿದರು. ಆಮೇಲೆ ಒಂದು ಸದ್ದು, ಮರಕ್ಕೆ ಒಣ ಸೌದೆ ಬಡಿದ ಹಾಗೆ. ಮೇಲೆ ನಗು ಇನ್ನೂ ಮುಗಿದಿರಲಿಲ್ಲ.

ಹಾಕಿಕೊಂಡಿದ್ದರೆ? ಡಾಕ್ಟರು ಕನ್ನಡಕ ತೆಗೆದು ಒರೆಸಿದರು, ಬಹುಶಃ ಅಮ್ಮಾ, ಬಹುಶಃ ಎದ್ದು ಕೂತು ತಲೆನೋವು ಅಂತಿದ್ರು. ಆ ಒಂದು ಬಹುಶಃ ಹಿಡಿದುಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಳೆ, ತೊಡೆಯ ಮೇಲೆ ಫುಕಿ ನಿದ್ದೆ ಹೋಗಿದ್ದಾಳೆ, ಅಥವಾ ಕಣ್ಣು ಮುಚ್ಚಿದ್ದಾಳೆ, ಇವತ್ತಿಗೂ ಗೊತ್ತಿಲ್ಲ ಯಾವುದು ಅಂತ. ಹಾಗಾ ಎಂಬವನು ಬಂದ, ಕಾವಲು ಪಡೆಯಲ್ಲಿ ಶುಂಪೇಯ ಜೊತೆಗಾರ, ಬೂಟು ಕೂಡ ಬಿಚ್ಚಿರಲಿಲ್ಲ, ಕೈಯಲ್ಲಿ ಅಪಘಾತದ ಕಾಗದ, ಅತ್ತಿಗೇ ಈಗ ಕೇಳಬಾರದು, ಆದ್ರೂ ಇವತ್ತೇ ಬರೀಬೇಕು, ಹೆಲ್ಮೆಟ್ ಹೇಗೆ ಜಾರಿತು ಅಂತ ಒಂದು ಸಾಲು. ಅವಳು ತೊಡೆಯ ಮೇಲಿನ ಆ ತಲೆ ನೋಡಿದಳು, ನಡುಬೈತಲೆ ಎಷ್ಟು ಬೆಳ್ಳಗೆ, ಎಷ್ಟು ತೆಳ್ಳಗೆ. ಗಾಳಿ ಅಂದಳು. ಗಾಳಿ ಬಂತು. ಆ ಜೊತೆಗಾರ ಅವತ್ತು ಗುಡಿಯ ಎಡಗಡೆ ಎರಡನೆಯವನಾಗಿ ನಿಂತಿದ್ದ. ಮೇಲಿನ ನಿಲ್ದಾಣದ ಬಾವುಟಗಳು ಒದ್ದೆ ಬಟ್ಟೆಯ ಹಾಗೆ ಕಂಬಕ್ಕೆ ಅಂಟಿದ್ದನ್ನು, ಧೂಪದ ಹೊಗೆ ದಾರದ ಹಾಗೆ ನೆಟ್ಟಗೆ ಏರಿದ್ದನ್ನು ಅವನೂ ನೋಡಿದ್ದ. ಮಗುವಿನ ಕಡೆ ಒಂದು ಸಲ ನೋಡಿದ, ಪೆನ್ನಿನ ಶಾಯಿ ಇಳಿಯಲಿಲ್ಲ, ಬಾಯಿಗೆ ಹಿಡಿದು ಉಸಿರು ಬಿಟ್ಟು ಬಿಸಿ ಮಾಡಿಕೊಂಡು ಬರೆದ, ಗಾಳಿ. ಅಲ್ಲಿಗೆ ಮೂವತ್ತು ಜನವೂ ಅದೇ ಅಂದರು, ಯಾರೂ ಯಾರಿಗೂ ಹೇಳಿಕೊಡಲಿಲ್ಲ, ಅಂಗಡಿಯಲ್ಲಿ, ಬಿಸಿನೀರಿನ ಸ್ನಾನದ ಮನೆಯಲ್ಲಿ, ಒಂದು ಗಾಳಿ ಬಂತಂತೆ ನೋಡಿ, ಎಂಥ ಕೆಟ್ಟ ಗಾಳಿ. ಇಡೀ ಊರು ಸೇರಿ ಒಂದು ಮಗುವಿಗೋಸ್ಕರ ಗಾಳಿ ಬೀಸಿತು.

ಅವಳಿಗೂ ಹಾಗೇ ಹೇಳಿದ್ದು. ಗಾಳಿ ಬಂದು ಅಪ್ಪನ ಹೆಲ್ಮೆಟ್ ಹಾರಿಸಿಕೊಂಡು ಹೋಯ್ತು, ತರೋಕೆ ಹೋದ ಅಪ್ಪ ಬಿದ್ದುಬಿಟ್ಟರು. ಪ್ರತಿ ವರ್ಷ ತಿಥಿಗೆ ಬಂದವರೆಲ್ಲ ಅದನ್ನೇ ಹೇಳುತ್ತಾರೆ, ಫುಕಿ ಕಿತ್ತಳೆ ಸುಲಿಯುತ್ತ ಕೂತಿರುತ್ತಾಳೆ, ನಾರು ಒಂದೊಂದಾಗಿ ಬಿಡಿಸುತ್ತ, ತಲೆಯೆತ್ತುವುದಿಲ್ಲ, ಒಂದು ಪ್ರಶ್ನೆ ಕೇಳಲಿಲ್ಲ ಯಾವತ್ತೂ, ಅಪ್ಪ ಎಲ್ಲಿ ಅಂತ ಕೂಡ. ಮಗು, ಮರೆತಿರುತ್ತೆ ಬಿಡಿ, ಆ ವಯಸ್ಸಿಂದು ಯಾರಿಗೆ ನೆನಪಿರುತ್ತೆ ಅಂತ ಪಕ್ಕದ ಮನೆಯವರು, ಹೌದು ಹೌದು ಅಂತ ತಾನು. ಆದರೆ ಹೊಸ ವರ್ಷದ ದಿನ ಊರ ದೇವಸ್ಥಾನದಲ್ಲಿ ಅವಳು ಬಾಗುತ್ತಾಳೆ, ಚಪ್ಪಾಳೆ ಹೊಡೆಯುವುದಿಲ್ಲ, ಕೈ ಜೇಬಿನಲ್ಲೇ. ಚಳಿ ಇರಬೇಕು. ಮರುವರ್ಷ, ನಾಚಿಕೆ ಇರಬೇಕು. ಅದರ ಮರುವರ್ಷ ಏನೂ ಅಂದುಕೊಳ್ಳಲಿಲ್ಲ, ಬೇರೆ ಕಡೆ ನೋಡಿದಳು. ಹುಟ್ಟಿದ ಹಬ್ಬಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿ ಹಾಡುವಾಗ ಫುಕಿ ತೊಡೆಯ ಕೆಳಗೆ ಕೈ ಇಟ್ಟುಕೊಂಡು ಕೂತಿದ್ದನ್ನು ಫೋಟೋದಲ್ಲಿ ನೋಡಿ ಫೋಟೋ ಅಳಿಸಿಹಾಕಿದಳು, ಕಣ್ಣು ಮುಚ್ಚಿಕೊಂಡಿದ್ದಾಳೆ ಇದರಲ್ಲಿ, ಚೆನ್ನಾಗಿ ಬಂದಿಲ್ಲ ಅಂತ. ತಾಯಿಗೆ ಗೊತ್ತಾಗುವುದಿಲ್ಲವೇ. ಗೊತ್ತಾಗಿತ್ತು, ಗೊತ್ತಾಗದ ಹಾಗೆ ಪಾತ್ರೆ ತೊಳೆದಳು, ಬಟ್ಟೆ ಮಡಚಿದಳು, ಅನ್ನ ಮಾಡಿದಳು. ನಿನ್ನ ತಪ್ಪಲ್ಲ ಕಂದ ಅಂತ ಎಷ್ಟು ಸಲ ನಾಲಿಗೆಯ ತುದಿಗೆ ತಂದುಕೊಂಡಿದ್ದಾಳೆ, ಸ್ನಾನ ಮಾಡಿಸುವಾಗ ಬೆನ್ನು ಉಜ್ಜುತ್ತ, ಆ ಬೆನ್ನಿಗೆ ಹೇಳಿಬಿಡೋಣ ಅಂತ. ಆದರೆ ನಿನ್ನ ತಪ್ಪಲ್ಲ ಅಂದರೆ ಯಾವುದು ನನ್ನ ತಪ್ಪಲ್ಲ ಅನ್ನುತ್ತಾಳೆ, ಆಗ ಅದನ್ನು ಮೊದಲು ಹೇಳಬೇಕು. ಅವಳು ನಿಜಕ್ಕೂ ಮರೆತಿದ್ದರೆ? ಮರೆತ ಮಗುವಿನ ಕೈಗೆ ತಾನೇ ಅದನ್ನು ತಂದು ಇಟ್ಟ ಹಾಗೆ. ಮರೆತಿರದಿದ್ದರೆ ಇಷ್ಟು ವರ್ಷ ಅಮ್ಮ ಸುಳ್ಳು ಹೇಳುವುದನ್ನು ಕೇಳಿಕೊಂಡು ಕಿತ್ತಳೆ ಸುಲಿದಿದ್ದಾಳೆ. ಯಾವುದು ಹೆಚ್ಚು ಕೆಟ್ಟದ್ದು, ಅಕ್ಕಿ ತೊಳೆಯುವ ಈ ಕೈಗೆ ಗೊತ್ತಿಲ್ಲ.

ಗಾಳಿ ಇನ್ನೊಂದು ಸಲ ಬಂದು ಮನೆಯ ಮೂಲೆಗೆ ಅಪ್ಪಳಿಸಿತು, ಕಿಟಕಿಯ ಗಾಜು ನಡುಗಿತು, ಅಂಗಳದಲ್ಲಿ ಹಿಮದ ಪುಡಿ ಎದ್ದು ಒಂದು ಕ್ಷಣ ಮಗು ಇಲ್ಲ, ಹೆಲ್ಮೆಟ್ ಇಲ್ಲ, ಏನೂ ಇಲ್ಲ, ಮತ್ತೆ ಎರಡೂ ಇದ್ದಲ್ಲೇ. ಫುಕಿ ಅದರ ಹತ್ತಿರ ಹೋಗಿ ಬಗ್ಗಿ ನೋಡಿದಳು, ಬೂಟಿನ ಹಿಮ್ಮಡಿಯಲ್ಲಿ ಹೆಲ್ಮೆಟ್ಟಿನ ಅಂಚಿಗೆ ಸರಿಯಾಗಿ ಹಿಮದ ಮೇಲೊಂದು ಗೆರೆ ಎಳೆದಳು, ಮತ್ತೆ ನಾಲ್ಕು ಹೆಜ್ಜೆ ಹಿಂದೆ ಹೋದಳು. ಮತ್ತೆ ಕೈ ಬೆನ್ನ ಹಿಂದೆ. ಕಾಯುತ್ತಿದ್ದಾಳೆ. ಇನ್ನೊಂದು ಗಾಳಿಗೆ — ಅಯ್ಯೋ, ಗಾಳಿಗೆ ಕಾಯುತ್ತಿದ್ದಾಳೆ, ಹಾಕಿಕೊಂಡು ನೋಡೋಕೆ ತೆಗೆದದ್ದಲ್ಲ ಅದು, ತನ್ನ ಚಿಕ್ಕ ಹೆಲ್ಮೆಟ್ ಬಾಗಿಲಲ್ಲೇ ನೇತಾಡುತ್ತಿದೆ, ಅದು ಬೇಡವಾಗಿತ್ತು, ಅದೇ ತೂಕದ್ದು ಬೇಕಾಗಿತ್ತು, ಈ ಚಳಿಗಾಲದಲ್ಲೇ ಅತಿ ಜೋರು ಗಾಳಿ ಬೀಸುವ ದಿನ ಬೇಕಾಗಿತ್ತು, ಎಷ್ಟು ದಿನದಿಂದ ಕಾದಿದ್ದಳೋ. ಕೊಟ್ಟಿಗೆಯ ಪಕ್ಕದಲ್ಲಿ ಮಾವ ನಿಂತಿದ್ದಾರೆ, ಸಲಿಕೆ ಹಿಮಕ್ಕೆ ಚುಚ್ಚಿ, ಅವರೂ ನೋಡಿಬಿಟ್ಟಿದ್ದಾರೆ, ಕಾಲು ಕಿತ್ತಿಡುತ್ತಿಲ್ಲ, ಗದ್ದದ ಪಟ್ಟಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತಿದ್ದಾರೆ, ಜೇಬಿಗೆ ಹೋಗುವ ಟೋಪಿಯ ಮಾತು ಆಡಿದ್ದವರು. ಕಿಟಕಿಯೊಳಗೆ ತಾನು, ಎರಡೂ ಕೈ ಸೇರಿಸು ಅಂತ ಕಲಿಸಿದ್ದವಳು. ಮೂರು ಜನ, ಒಂದು ಅಂಗಳ. ಹೋಗು ಚಿಹಾರು. ಅಕ್ಕಿ ನೆನೆದುಹೋಗುತ್ತೆ. ನೆನೆಯಲಿ.

ಹಿತ್ತಲ ಬಾಗಿಲಲ್ಲಿ ಮಾವನ ರಬ್ಬರ್ ಬೂಟು ಸಿಕ್ಕಿತು, ಅದರೊಳಗೆ ಬರಿಗಾಲು ತೂರಿಸಿದಳು, ಒದ್ದೆ ಕೈಗೆ ಗಾಳಿ ತಾಗಿ ಸೂಜಿ ಚುಚ್ಚಿದ ಹಾಗೆ, ಉಗುರ ಸಂದಿಯಲ್ಲಿ ಅಕ್ಕಿಯ ಬಿಳಿ, ಏನು ಹೇಳುವುದು, ಚಳಿ ಆಗುತ್ತೆ ಒಳಗೆ ಬಾ ಅನ್ನಬಹುದು, ಅಪ್ಪನದ್ದನ್ನ ಯಾಕೆ ತೆಗೆದೆ ಅನ್ನಬಹುದು, ಸ್ಕೀ ಬಟ್ಟೆ ಹಾಕ್ಕೊ ಹೊತ್ತಾಯ್ತು ಅನ್ನಬಹುದು, ದಿನವೂ ಅಂಥ ಮಾತುಗಳ ಮೇಲೆಯೇ ಬದುಕಿದ್ದು. ಹತ್ತಿರ ಹೋದಂತೆ ಹಿಮದ ಮೇಲಿನ ಗೆರೆ ಕಂಡಿತು, ಒಂದಲ್ಲ, ಆರೋ ಏಳೋ, ಪ್ರತಿ ಗಾಳಿಗೂ ಒಂದು, ಎಲ್ಲವೂ ಒಂದರ ಮೇಲೊಂದು, ಒಂದೇ ಜಾಗದಲ್ಲಿ. ಹೆಲ್ಮೆಟ್ಟಿನೊಳಗೆ ಸಣ್ಣ ಹಿಮ ತುಂಬಿಕೊಳ್ಳುತ್ತಿದೆ, ಶುಂಪೇಯ ಹಣೆ ತಾಗಿ ತಾಗಿ ಮಾಸಿದ ಆ ಪಟ್ಟಿಯ ಮೇಲೂ. ಫುಕಿಯ ತುಟಿ ನೀಲಿಯಾಗಿದೆ, ಎಣಿಸುತ್ತಿದ್ದಾಳೆ ಪಿಸುದನಿಯಲ್ಲಿ, ನೂರ ಹತ್ತು, ನೂರ ಹನ್ನೊಂದು, ಅಮ್ಮ ಬಂದದ್ದು ಗೊತ್ತು, ತಿರುಗುತ್ತಿಲ್ಲ. ಫುಕಿ. ನೂರ ಹನ್ನೆರಡು. ಫುಕಿ, ಕಂದಾ. ಇರಮ್ಮಾ, ಬರ್ತಿದೆ, ದೊಡ್ಡದು ಬರ್ತಿದೆ. ಬಂತು, ಬೆಟ್ಟದ ಕಡೆಯಿಂದ ಮರಗಳನ್ನು ಬಗ್ಗಿಸುತ್ತ, ಅವಳನ್ನೇ ಒಂದು ಹೆಜ್ಜೆ ಪಕ್ಕಕ್ಕೆ ತಳ್ಳಿತು, ಮಗುವಿನ ಕೋಟಿನೊಳಗೆ ಹೊಕ್ಕು ಅದನ್ನು ಗುಡಾರದ ಹಾಗೆ ಉಬ್ಬಿಸಿತು, ಹೆಲ್ಮೆಟ್ ಒಂದು ಸಲ ಅಲ್ಲಾಡಿತು, ತೊಟ್ಟಿಲು ತೂಗಿದಷ್ಟು, ಅಷ್ಟೇ, ನಿಂತಿತು. ಅಲ್ಲೇ. ಚಿಹಾರು ಹೆಲ್ಮೆಟ್ಟಿನತ್ತ ಒಂದು ಹೆಜ್ಜೆ ಇಟ್ಟಳು, ಕಣ್ಣಮುಂದೆ ಅದೊಂದೇ, ಬಿಳಿಯ ಮೇಲೆ ಹಳದಿ ಬಟ್ಟಲು, ಮೆಲ್ಲಗೆ ತಿರುಗುತ್ತ, ಸದ್ದಿಲ್ಲದೆ, ತಿರುಗುತ್ತ, ಬಿಸಿಲಿನಲ್ಲಿ — ಫುಕಿ ಈಗ ತಿರುಗಿದಳು, ಬೆನ್ನ ಹಿಂದಿನ ಕೈ ಬಿಚ್ಚಲಿಲ್ಲ, ಮುಖವನ್ನು ಪೂರ್ತಿ ಮೇಲೆತ್ತಿ ಕೇಳಿದಳು:

ಅಮ್ಮಾ, ಅವತ್ತು ಇದಕ್ಕಿಂತ ಜೋರು ಗಾಳಿ ಇತ್ತಾ?